ಮಡಕೆಯ ಬೀಜಕ್ಕೆ ಸಾಕ್ಷಿ ಯಾರು?

ಜಗಳೂರು ಸೀಮೆಯ ಹಳೆಯ ಮನೆಗಳಲ್ಲಿ ಬೀಜ ಕಾಯುವ ಕೆಲಸ ಹೆಂಗಸರದು. ಕಣದಲ್ಲಿ ತುಂಬುಗಾಳಿನ ತೆನೆ ಕಂಡರೆ ರಾಶಿಗೆ ಬಿಡದೆ ಎತ್ತಿಟ್ಟುಕೊಳ್ಳುವವರು ಅವರೇ. ಬಿಸಿಲಿಗೆ ಒಣಗಿಸಿ, ಒಲೆಯ ಬೂದಿ ಬೆರೆಸಿ, ಮಡಕೆಗೆ ತುಂಬಿ, ಮೇಲೊಂದಿಷ್ಟು ಒಣ ಬೇವಿನ ಸೊಪ್ಪು ಹಾಕಿ ಬಾಯಿಗೆ ಸಗಣಿ ಮೆತ್ತಿಟ್ಟರೆ, ಮುಂದಿನ ಮುಂಗಾರಿಗೆ ನವಣೆಯೋ ಜೋಳವೋ ಹುಳ ಹಿಡಿಯದೆ ಕೈಗೆ ಬರುತ್ತಿತ್ತು. ಇದನ್ನು ಕಂಡುಹಿಡಿದವರು ಯಾರೆಂದು ಊರಲ್ಲಿ ಯಾರೂ ಕೇಳಲಿಲ್ಲ. ಅತ್ತೆ ಮಾಡುತ್ತಿದ್ದಳು, ಸೊಸೆ ನೋಡಿ ಕಲಿತಳು.

ಕೇಳಿದವರು ಬಹಳ ದೂರದಲ್ಲಿದ್ದರು. ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗ ತಡೆಯುವ ವಿಧಾನ ತಮ್ಮ ಆವಿಷ್ಕಾರವೆಂದು ಅಮೆರಿಕದ ಕೃಷಿ ಇಲಾಖೆಯೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಯೂ ಹೇಳಿಕೊಂಡವು. ಯುರೋಪಿಯನ್ ಪೇಟೆಂಟ್ ಕಚೇರಿ 1994ರಲ್ಲಿ ಅದನ್ನು ಒಪ್ಪಿ ಪೇಟೆಂಟ್ ಕೊಟ್ಟಿತು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಅವರ ಯುರೋಪಿನ ಸಂಗಾತಿಗಳು ಆಕ್ಷೇಪಣೆ ಸಲ್ಲಿಸಿ, ಭಾರತದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತೆಂದು ಸಾಕ್ಷ್ಯ ಒದಗಿಸಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಪೇಟೆಂಟ್ ಹೊಂದಿದ್ದವರ ಮೇಲ್ಮನವಿ 2005ರ ಮಾರ್ಚ್‌ನಲ್ಲಿ ವಜಾ ಆಯಿತು. ಗೆದ್ದದ್ದು ನಿಜ. ಆದರೆ ನಮ್ಮ ಹಿತ್ತಲ ಮರದ ಗುಣ ನಮಗೆ ಗೊತ್ತಿತ್ತೆಂದು ಸಾಬೀತುಪಡಿಸಲು ಹತ್ತು ವರ್ಷ ಬೇಕಾಯಿತು.

ಅರಿಶಿನದ ಕಥೆಯಲ್ಲಿ ಇನ್ನೊಂದು ಪಾಠವಿದೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆದಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥ, ಪತ್ರಿಕೆಗಳನ್ನು ಹುಡುಕಿ ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಅಂದಿನ ಅಮೆರಿಕದ ಕಾನೂನಿಗೆ ಹೊರದೇಶದ ಜನ ಒಂದು ವಿದ್ಯೆಯನ್ನು ನಿತ್ಯ ಬಳಸುತ್ತಿದ್ದಾರೆ ಎಂಬುದು ಲೆಕ್ಕಕ್ಕಿರಲಿಲ್ಲ. ಅಚ್ಚಾದ ದಾಖಲೆ ಬೇಕಿತ್ತು. ಕೋಟ್ಯಂತರ ತಾಯಂದಿರ ಅನುಭವ ಅಲ್ಲಿ ಸಾಕ್ಷಿಯಾಗಲಿಲ್ಲ, ಕಾಗದ ಸಾಕ್ಷಿಯಾಯಿತು. ಆ ಕಾನೂನು 2013ರಲ್ಲಿ ಬದಲಾಗಿದೆ. ಆದರೂ ಪೇಟೆಂಟ್ ಪರಿಶೀಲಕನ ಮೇಜಿಗೆ ತಲುಪದ ಜ್ಞಾನ ಇಂದಿಗೂ ಅವನ ಪಾಲಿಗೆ ಇಲ್ಲದ ಜ್ಞಾನವೇ.

ಈ ಮಾತನ್ನು ನಮ್ಮ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ತಂದು ನೋಡೋಣ. ಚನ್ನಗಿರಿಯ ಅಡಿಕೆ ತೋಟದ ಹಿರಿಯರಿಗೆ ಬೀಜದ ಗೋಟು ಆರಿಸಲು ಯಾವ ತಾಯಿಮರ ಸರಿ ಎಂಬುದು ನೋಟದಲ್ಲೇ ತಿಳಿಯುತ್ತದೆ. ಆರಿಸಿದ ಗೋಟನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದನ್ನು ಮಾತ್ರ ಸಸಿಗೆ ಬಿಡುತ್ತಾರೆ. ಬೇಯಿಸುವಾಗ ಚೊಗರಿನ ಹದ ಹೇಳುವುದು ಗಡಿಯಾರವಲ್ಲ, ಕಣ್ಣು. ಹೊನ್ನಾಳಿ, ನ್ಯಾಮತಿಯ ಮಳೆಯಾಶ್ರಿತ ಹೊಲಗಳಲ್ಲಿ ಕೂರಿಗೆ ಹಿಡಿದವನಿಗೆ ಯಾವ ಮಳೆಗೆ ಯಾವ ಬಿತ್ತನೆ ಎಂಬ ಲೆಕ್ಕ ಬಾಯಿಪಾಠ. ಜಗಳೂರಿನ ಕೆಂಪು ನೆಲದಲ್ಲಿ ಮುಖ್ಯ ಬೆಳೆಯ ನಡುವೆ ತೊಗರಿಯನ್ನೋ ಅವರೆಯನ್ನೋ ಅಕ್ಕಡಿ ಹಾಕುವುದು ಬರಕ್ಕೆ ಕಟ್ಟಿದ ವಿಮೆ: ಒಂದು ಕೈಕೊಟ್ಟರೂ ಇನ್ನೊಂದು ಒಲೆ ಉರಿಸುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸುತ್ತಲ ತಾಂಡಾಗಳ ಹಿರಿಯರಿಗೆ ಗೊತ್ತಿರುವ ಕಾಡಿನ ಗಿಡಗಳನ್ನೂ ಇದೇ ಪಟ್ಟಿಗೆ ಸೇರಿಸಬೇಕು. ಇದರಲ್ಲಿ ಎಷ್ಟು ಪಾಲು ಬರವಣಿಗೆಗೆ ಬಂದಿದೆ? ಸರ್ಕಾರದ ಸಾಂಪ್ರದಾಯಿಕ ಜ್ಞಾನ ಡಿಜಿಟಲ್ ಗ್ರಂಥಾಲಯ 2001ರಿಂದ ಒಳ್ಳೆಯ ಕೆಲಸ ಮಾಡಿದೆ. ಆದರೆ ಅದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ, ಯೋಗದಂಥ ಗ್ರಂಥಸ್ಥ ವಿದ್ಯೆಗಳ ಸಂಗ್ರಹ. ಮಡಕೆಗೆ ಬೇವು ಹಾಕುವವಳು ಗ್ರಂಥ ಬರೆದವಳಲ್ಲ.

ಈ ಸೀಮೆಯ ರೈತ ಹಿಂದೆ ಸುಮ್ಮನಿರಲಿಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ವಿಶ್ವ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಎದ್ದು ನಿಂತದ್ದು, ಅಂದು ಜಗಳೂರಿನ ಪಕ್ಕದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಕಾರ್ಗಿಲ್ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು 1993ರ ಜುಲೈನಲ್ಲಿ ಕೆಡವಿದ್ದು, ಅದೇ ವರ್ಷ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಲಕ್ಷಾಂತರ ರೈತರು ಸೇರಿ ಬೀಜ ಸತ್ಯಾಗ್ರಹಕ್ಕೆ ದನಿಗೂಡಿಸಿದ್ದು ಹಿರಿಯರಿಗೆ ನೆನಪಿದೆ. ಕೆಡಹುವ ದಾರಿಯನ್ನು ನಾನು ಒಪ್ಪುವುದಿಲ್ಲ. ಆದರೆ ಬೀಜ ಯಾರದು ಎಂಬ ಅವರ ಪ್ರಶ್ನೆಯನ್ನು ದೆಹಲಿ ತಳ್ಳಿಹಾಕಲಾಗಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಭಾರತ ಬೀಜ, ಸಸ್ಯ, ಬೇಸಾಯ ವಿಧಾನ, ಸಾಂಪ್ರದಾಯಿಕ ಜ್ಞಾನಗಳನ್ನು ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಪೇಟೆಂಟಿನಿಂದ ಹೊರಗಿಟ್ಟಿತು. 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಂದಿತು. ಅದರ 39ನೇ ಸೆಕ್ಷನ್ ಪ್ರಕಾರ ರೈತ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಲೂಬಹುದು. ತಾನೇ ಬೆಳೆಸಿದ ತಳಿಯನ್ನು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಲೂಬಹುದು. ಬಡ ದೇಶಗಳ ರೈತರಿಗೆ ಇಷ್ಟು ಬಿಚ್ಚುಮಾತಿನ ಹಕ್ಕು ಕೊಟ್ಟ ಕಾನೂನುಗಳು ವಿರಳ.

ಕಾನೂನು ಹಕ್ಕು ಕೊಟ್ಟಿತು. ನಾವು ಬೀಜ ಬಿಟ್ಟೆವು. ನನ್ನ ಸಂಕಟ ಇಲ್ಲಿದೆ. ದಾವಣಗೆರೆ ಜಿಲ್ಲೆ ಇಂದು ಮೆಕ್ಕೆಜೋಳದ ಸೀಮೆ. ಆ ಬೀಜ ಹೈಬ್ರಿಡ್. ತೆನೆಯಿಂದ ಎತ್ತಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ. ಎತ್ತಿಡುವ ಹಕ್ಕು ಕಾಯ್ದೆಯಲ್ಲಿ ಭದ್ರವಾಗಿದೆ, ಎತ್ತಿಡಲು ತಕ್ಕ ಬೀಜ ಮನೆಯಲ್ಲಿಲ್ಲ. ಪ್ರತಿ ಮುಂಗಾರಿಗೂ ರೈತ ಸಂಪರ್ಕ ಕೇಂದ್ರದ ಮುಂದೆ ಪಾಳಿ ನಿಲ್ಲುತ್ತೇವೆ. ಹೈಬ್ರಿಡ್ ಬೆಳೆದು ಸಾಲ ತೀರಿಸಿದ ರೈತನನ್ನು ನಾನು ದೂರುವುದಿಲ್ಲ. ಮಡಕೆ ಬರಿದಾದ ಮೇಲೆ ಮಡಕೆಯ ವಿದ್ಯೆಯೂ ಒಂದೇ ತಲೆಮಾರಿನಲ್ಲಿ ಬರಿದಾಗುತ್ತದೆ ಎಂಬುದಷ್ಟೇ ನನ್ನ ಮಾತು. ಬಳಸದ ಜ್ಞಾನಕ್ಕೆ ವಾರಸುದಾರರಿರುವುದಿಲ್ಲ.

ಇನ್ನೊಂದು ಕಾಯ್ದೆ 2002ರದು. ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ತಳಿ, ಗಿಡಮರ, ಅವುಗಳ ಬಳಕೆಯ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕು. ಈ ದಾಖಲೆಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಪ್ರಮುಖರು. ಸಮಿತಿ ಏಕೆ ಬೇಕೆಂಬುದನ್ನು ಬಿಟಿ ಬದನೆ ಪ್ರಕರಣ ತೋರಿಸಿತು. ಉಡುಪಿಯ ಮಟ್ಟುಗುಳ್ಳ ಸೇರಿ ಕರ್ನಾಟಕದ ನಾಡ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದ ಆರೋಪ ಮಾಹಿಕೊ ಕಂಪನಿಯ ಮೇಲೂ ಅದರ ಸಹಯೋಗಿ ಸಂಸ್ಥೆಗಳ ಮೇಲೂ ಬಂದು, 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ದೂರು ದಾಖಲಾಯಿತು. ಇಂಥ ತಳಿಯ ಬಳಕೆಗೆ ಅನುಮತಿ ಕೊಡುವ ಮುನ್ನ ಜೀವವೈವಿಧ್ಯ ಮಂಡಳಿಗಳು ಸ್ಥಳೀಯ ಸಮಿತಿಯ ಅಭಿಪ್ರಾಯ ಕೇಳಬೇಕೆನ್ನುತ್ತದೆ ಕಾಯ್ದೆ. ಸಮಿತಿಯೇ ಕಾಗದದ ಮೇಲಿದ್ದರೆ ಕೇಳುವುದು ಯಾರನ್ನು? 2023ರ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿದೆ. ಕಾಯುವವರ ಕೈಯ ಕೋಲು ಸಣ್ಣದಾದಾಗ ಕಾಯುವವರು ಹೆಚ್ಚಾಗಬೇಕು.

ಹೊರಗಿನ ಗಾಳಿ ನಮ್ಮ ಕಡೆಗೇ ಬೀಸುತ್ತಿದೆ. 2024ರ ಮೇ 24ರಂದು ಜಿನೀವಾದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ದೇಶಗಳು ಒಂದು ಒಪ್ಪಂದಕ್ಕೆ ಬಂದವು: ಆನುವಂಶಿಕ ಸಂಪತ್ತು ಮತ್ತು ಅದಕ್ಕೆ ಸೇರಿದ ಸಾಂಪ್ರದಾಯಿಕ ಜ್ಞಾನವನ್ನು ಆಧರಿಸಿ ಪೇಟೆಂಟ್ ಕೇಳುವವರು ಅದು ಎಲ್ಲಿಂದ, ಯಾರಿಂದ ಬಂತೆಂದು ಹೇಳಬೇಕು. ಹಿಂದುಳಿದ ದೇಶಗಳು ಬಹುಕಾಲದಿಂದ ಕೇಳುತ್ತಿದ್ದದ್ದೇ ಇದು. ಆದರೆ ಎಲ್ಲಿಂದ ಎಂಬ ಪ್ರಶ್ನೆಗೆ ‘ಜಗಳೂರಿನಿಂದ’ ಎಂಬ ಉತ್ತರ ಬರಬೇಕಾದರೆ ಜಗಳೂರಿನಲ್ಲಿ ಅದು ಬರೆದಿರಬೇಕು.

ಬರೆದಿಟ್ಟರೆ ಕದಿಯುವವರಿಗೆ ಸುಲಭವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಆತಂಕ. ಆದ್ದರಿಂದ ಯಾವುದನ್ನು ಬಿಚ್ಚಿಡಬೇಕು, ಯಾವುದನ್ನು ಊರೊಳಗೇ ಇಟ್ಟುಕೊಳ್ಳಬೇಕು ಎಂಬುದನ್ನು ಗ್ರಾಮಸಭೆಯೇ ತೀರ್ಮಾನಿಸಲಿ. ಆದರೆ ಬರೆಯದೆ ಬಿಟ್ಟದ್ದು ಭದ್ರವಾಗಿರುತ್ತದೆ ಎಂಬ ನಂಬಿಕೆ ಬೇಡ. ಅದು ಹೇಳಿದವರ ಜೊತೆಯಲ್ಲೇ ಮಣ್ಣಾಗುತ್ತದೆ.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆ ತೋರಿಸಿ ಎಂದು ಪಿಡಿಒ ಅವರನ್ನು ಕೇಳಿ. ಕಪಾಟಿನಿಂದ ಬಂದರೆ ಜೋರಾಗಿ ಓದಿಸಿ; ನಿಮ್ಮ ಊರಿನ ತಳಿ ಅದರಲ್ಲಿಲ್ಲದಿದ್ದರೆ ಸೇರಿಸಲು ಒತ್ತಾಯಿಸಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳು ಈ ಬರವಣಿಗೆಗೆ ಕೈಜೋಡಿಸಲಿ. ಶಾಲೆಯ ಮಕ್ಕಳು ರಜೆಯಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆದು ತರಲಿ. ಜೊತೆಗೆ ಮೆಕ್ಕೆಜೋಳದ ಹೊಲದ ಒಂದು ಅಂಚಿನಲ್ಲಿ ನಾಡ ನವಣೆಯದ್ದೋ ತೊಗರಿಯದ್ದೋ ನಾಲ್ಕು ಸಾಲು ಬಿತ್ತಿ. ಪುಸ್ತಕದ ಮಾತಿಗೆ ಹೊಲ ಸಾಕ್ಷಿಯಾಗಲಿ.

ಪೇಟೆಂಟ್ ಪತ್ರಗಳಲ್ಲಿ ಸಾಮಾನ್ಯವಾಗಿ ಆವಿಷ್ಕಾರ ಮಾಡಿದವರ ಹೆಸರು ಇರುತ್ತದೆ. ನಮ್ಮ ಪಂಚಾಯಿತಿಯ ದಾಖಲೆಯಲ್ಲೂ ಹಾಗೆಯೇ ಆಗಲಿ. ಬೂದಿ ಎಷ್ಟು, ಬೇವು ಎಷ್ಟು, ಯಾವ ಬಿಸಿಲಿಗೆ ಎಷ್ಟು ದಿನ ಎಂದು ಬರೆದುಕೊಂಡ ಮೇಲೆ, ಕೊನೆಗೆ ಒಂದು ಸಾಲು ಬಿಟ್ಟು, ಅವಳ ಒಪ್ಪಿಗೆ ಪಡೆದು, ಹೇಳಿದವಳ ಹೆಸರನ್ನೂ ಬರೆಯಿರಿ.