ಅತ್ತೆಯ ಹಲ್ಲು, ನಮ್ಮ ಪಾಲಿಸಿ

ಕಡಬದ ಮನೆಯಲ್ಲಿ ಚಾಲಿ ಅಡಿಕೆ ಕಚ್ಚಿ ಅತ್ತೆಯ ದವಡೆ ಹಲ್ಲು ಅರ್ಧ ಮುರಿಯಿತು. ಪುತ್ತೂರಿನ ಡಾಕ್ಟ್ರು, "ರೂಟ್ ಕೆನಾಲ್ ಮಾಡಿದ್ರೂ ಉಳಿದ ಚೂರಿನ ಮೇಲೆ ಕ್ಯಾಪ್ ನಿಲ್ಲುದಿಲ್ಲ, ಮೊದಲು ಹಲ್ಲು ಕಟ್ಟಬೇಕು" ಅಂದರು. ಅದಕ್ಕೆ ಕೋರ್ ಬಿಲ್ಡಪ್ ಅಂತ ಹೆಸರು. ಬಿಲ್ಲಿನಲ್ಲಿ ಬೇರೆಯೇ ಸಾಲು.

ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತೇವಲ್ಲ ಅಂತ ಪಾಲಿಸಿ ಬಿಡಿಸಿದರೆ, ಹಲ್ಲಿಗೆ ಹಣ ಸಿಗುವುದು ಅಪಘಾತವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ! "ಅಡಿಕೆ ಕಚ್ಚಿದ್ದು ಎಕ್ಸಿಡೆಂಟ್ ಅಲ್ವಾ?" ಅತ್ತೆಯ ಪ್ರಶ್ನೆ. ಹೆಚ್ಚಿನ ಆರೋಗ್ಯ ವಿಮೆಗಳ ಕತೆ ಇದೇ. ಒಪಿಡಿ ಸೇರಿಸಿದ ಕೆಲವು ಪಾಲಿಸಿಗಳಲ್ಲಿ ಸಿಗುತ್ತದೆ; ಅಲ್ಲೂ ಕ್ಯಾಪಿಗೆ ಉಂಟಾ, ಅದರಡಿ ಕಟ್ಟುವುದಕ್ಕೆ ಉಂಟಾ ಅಂತ ಮೊದಲೇ ಬರೆದು ಕೇಳಿ.

"ಕೀಳಿಸಿಬಿಡು ಮಾರಾಯ್ತಿ" ಅಂದರು ಅತ್ತೆ. ನನಗೆ ಮನಸ್ಸಾಗಲಿಲ್ಲ. ಸೋಮವಾರ ಸುಳ್ಯದ ದಂತ ಕಾಲೇಜಿಗೆ ಹೊರಟಿದ್ದೇವೆ.