ಮನೋರೋಗಿಗಳ ನಿತ್ಯಜೀವನ

ಅಮೀನಗಡದ ಕುರಿ-ದನಗಳ ಸಂತೆಯಲ್ಲಾಗಲಿ, ಇಳಕಲ್ಲಿನ ಪೇಟೆಯಲ್ಲಾಗಲಿ ಒಬ್ಬನು ತುಸು ಅಡ್ಡಮಾತನ್ನಾಡಿದರೆ ಸಾಕು, “ಇವನನ್ನು ಧಾರವಾಡಕ್ಕೆ ಕಳಿಸಬೇಕು” ಎಂದು ನಾಲ್ಕು ಜನರು ನಗುವ ರೂಢಿಯು ನಮ್ಮ ಸೀಮೆಯಲ್ಲಿ ಬಹು ದಿನಗಳಿಂದ ನಡೆದುಬಂದಿರುವದು. ಪೇಢೆಗೂ ವಿದ್ಯೆಗೂ ಹೆಸರಾದ ಆ ಊರಿಗೆ ಈ ಇನ್ನೊಂದು ಖ್ಯಾತಿಯು ಅಲ್ಲಿಯ ಮಾನಸಿಕ ಆಸ್ಪತ್ರೆಯಿಂದ ಬಂದುದು. ಆದರೆ ಯಾವ ಮನೆಯವರು ನಿಜವಾಗಿಯೂ ತಮ್ಮ ಮಗನನ್ನೋ ಸೊಸೆಯನ್ನೋ ಬಸ್ಸಿನಲ್ಲಿ ಕೂಡ್ರಿಸಿಕೊಂಡು, ನೆರೆಹೊರೆಯವರಿಗೆ ಬೇರೊಂದು ನೆಪ ಹೇಳಿ, ಬೆಳಕು ಹರಿಯುವ ಮುನ್ನವೇ ಊರು ಬಿಟ್ಟಿರುವರೋ ಅವರಿಗೆ ಈ ಮಾತು ವಿನೋದವಲ್ಲ. ಅವರು ತಿರುಗಿ ಬರುವಾಗ ಒಬ್ಬರು ಕಡಿಮೆಯಾಗಿರುತ್ತಾರೆ. ಅಲ್ಲಿ ಉಳಿದ ಆ ಒಬ್ಬರು ಗೋಡೆಯ ಆಚೆಗೆ ಏನು ಉಣ್ಣುತ್ತಾರೆ, ಏನು ಉಡುತ್ತಾರೆ, ಹಗಲನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ನಮ್ಮ ಊರುಗಳು ಕೇಳುವದಿಲ್ಲ. ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದೂ, ಇದಕ್ಕೆ ಉತ್ತರವನ್ನು ವೈದ್ಯರಷ್ಟೇ ಅಲ್ಲದೆ ನಾವೂ ಕೊಡಬೇಕಾಗಿದೆಯೆಂಬುದೂ ನಮ್ಮ ಅಭಿಪ್ರಾಯವು.

ಧಾರವಾಡದ ಸಂಸ್ಥೆಯ ಮೂಲವು 1845ರಷ್ಟು ಹಿಂದಿನದು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬೆಂಗಳೂರಿನಲ್ಲಿಯೂ ಡಾ. ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಅವರ ಯತ್ನದಿಂದ ಇಂಥದೊಂದು ಆಶ್ರಯಸ್ಥಾನವು ಹುಟ್ಟಿತು. 1956ರ ವರೆಗೆ ನಮ್ಮ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಹುನಗುಂದ, ಬಾದಾಮಿ, ಬಾಗಲಕೋಟೆಗಳ ರೋಗಿಗಳಿಗೆ ಧಾರವಾಡವೇ ಸಹಜವಾದ ದಾರಿಯಾಗಿದ್ದಿತು. ಇಂದಿಗೂ ಬಹುಮಟ್ಟಿಗೆ ಅದೇ ದಾರಿಯು. ಪರಕೀಯ ಸರಕಾರವು ಈ ರೋಗಿಗಳಿಗಾಗಿ 1858ರಲ್ಲಿಯೂ ಪುನಃ 1912ರಲ್ಲಿಯೂ ಕಾಯಿದೆಗಳನ್ನು ಮಾಡಿತು. ಯಾರನ್ನು ಒಳಗೆ ಹಾಕಬೇಕು, ಯಾರ ಅಪ್ಪಣೆಯಿಂದ ಹಾಕಬೇಕು, ಖರ್ಚನ್ನು ಯಾರಿಂದ ವಸೂಲು ಮಾಡಬೇಕು ಎಂಬುದೇ ಆ ಕಾಯಿದೆಗಳ ಮುಖ್ಯ ಚಿಂತೆಯು. ಒಳಗೆ ಹೋದವನು ಮನುಷ್ಯನಂತೆ ಹೇಗೆ ಬಾಳಬೇಕೆಂಬ ವಿಚಾರಕ್ಕೆ ಅವುಗಳಲ್ಲಿ ಸಿಕ್ಕ ಸ್ಥಳವು ಅತ್ಯಲ್ಪವು.

ಸ್ವಾತಂತ್ರ್ಯದ ಹಿಂದಿನ ವರ್ಷ, ಅಂದರೆ 1946ರಲ್ಲಿ, ಭೋರ ಸಮಿತಿಯು ತನ್ನ ವರದಿಯಲ್ಲಿ ದೇಶದೊಳಗಣ ಸ್ಥಿತಿಯನ್ನು ಲೆಕ್ಕವಿಟ್ಟು ತೋರಿಸಿತು: ಇಂಗ್ಲಂಡದಲ್ಲಿ ಸುಮಾರು 300 ಜನರಿಗೆ ಮಾನಸಿಕ ಆಸ್ಪತ್ರೆಯ ಒಂದು ಹಾಸಿಗೆಯಿದ್ದರೆ ಹಿಂದುಸ್ಥಾನದಲ್ಲಿ ಸುಮಾರು 40,000 ಜನರಿಗೆ ಒಂದು. ಆಳುವವರು ತಮ್ಮ ದೇಶಕ್ಕೊಂದು ಅಳತೆಯನ್ನೂ ನಮ್ಮ ದೇಶಕ್ಕೊಂದು ಅಳತೆಯನ್ನೂ ಇಟ್ಟಿದ್ದರೆಂದು ನಾವು ದೂರಬಹುದು. ದೂರುವದು ನ್ಯಾಯವೂ ಅಹುದು. ಆದರೆ ಸ್ವರಾಜ್ಯವು ಬಂದ ಬಳಿಕ ನಾವೇನು ಮಾಡಿದೆವು? 1912ರ ಆ ಕಾಯಿದೆಯನ್ನು ಕಿತ್ತೊಗೆದು ನಮ್ಮದೇ ಆದ 1987ರ ಕಾಯಿದೆಯನ್ನು ಜಾರಿಗೆ ತರುವ ಹೊತ್ತಿಗೆ 1993ನೆಯ ಇಸವಿಯು ಬಂದಿತ್ತು. ನಾಲ್ವತ್ತಾರು ವರ್ಷಗಳ ಕಾಲ ಸ್ವತಂತ್ರ ದೇಶದ ರೋಗಿಯು ಪರಕೀಯರ ಕಾಯಿದೆಯ ಕೆಳಗೆ, ಅವರೇ ಕೊಟ್ಟ ಹೆಸರಿನಿಂದ, ಬಾಳಿದನು. ಈ ಅಪರಾಧಕ್ಕೆ ನಾವು ಯಾವ ವೈಸರಾಯನನ್ನೂ ಹೊಣೆ ಮಾಡಲಾರೆವು.

ಅಲಕ್ಷ್ಯದ ಬೆಲೆಯನ್ನು ದೇಶವು ಕಂಡಿತು. 2001ನೆಯ ಅಗಸ್ಟ 6ರಂದು ತಮಿಳುನಾಡಿನ ಏರವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸಂಕಲೆಯಲ್ಲಿದ್ದ ರೋಗಿಗಳು ಓಡಲಾರದೆ ಹೋದರು. 28 ಜನರು ಸತ್ತರು. ಅದಕ್ಕೂ ಎರಡು ವರ್ಷ ಮೊದಲು, 1999ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರೀಕ್ಷಿಸಿ, ಅವುಗಳೊಳಗೆ ಅನೇಕವು ಇನ್ನೂ ಸೆರೆಮನೆಯ ರೂಪವನ್ನೇ ಧರಿಸಿರುವದನ್ನು ಹೇಳಿತ್ತು.

ಇಷ್ಟೆಲ್ಲ ಆದ ಮೇಲೆ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯು ಬಂದು 2018ನೆಯ ಮೇ 29ರಿಂದ ಜಾರಿಯಲ್ಲಿರುವದು. ಇದರ 20ನೆಯ ಕಲಮನ್ನು ವಾಚಕರು ಒಮ್ಮೆ ಓದಬೇಕೆಂದು ನಾವು ಬೇಡುತ್ತೇವೆ. ಅದರೊಳಗೆ ಔಷಧದ ಮಾತಿಲ್ಲ, ಬದುಕಿನ ಮಾತುಗಳಿವೆ. ರೋಗಿಗೆ ಚೊಕ್ಕಟವಾದ ನೆಲೆಯೂ ಪುಷ್ಟಿಕರವಾದ ಆಹಾರವೂ ದೊರೆಯಬೇಕು, ಸ್ತ್ರೀಯರ ತಿಂಗಳ ಅವಶ್ಯಕತೆಗಳಿಗೆ ಬೇಕಾದ ವಸ್ತುಗಳು ಸಿಗಬೇಕು, ತಲೆಯನ್ನು ಬಲವಂತದಿಂದ ಬೋಳಿಸಕೂಡದು, ಇಷ್ಟವಿದ್ದವನು ತನ್ನ ಸ್ವಂತ ಬಟ್ಟೆಯನ್ನೇ ಉಡಬಹುದು, ಒತ್ತಾಯದಿಂದ ದುಡಿಸಕೂಡದು, ದುಡಿದರೆ ತಕ್ಕ ಸಂಬಳ ಕೊಡಬೇಕು, ಆಟ, ಓದು, ದೇವರ ಪೂಜೆಗಳಿಗೆ ಅವಕಾಶವಿರಬೇಕು, ಮರ್ಯಾದೆಗೆ ಮರೆಯಿರಬೇಕು. ಇನ್ನೊಂದು ಕಲಮು ಮೂರು ವರ್ಷದೊಳಗಿನ ಕೂಸನ್ನು ರೋಗಿಣಿಯಾದ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದೆನ್ನುತ್ತದೆ. ಮತ್ತೊಂದು ಸಂಕಲೆಯನ್ನು ಯಾವ ರೂಪದಲ್ಲಿಯೂ ನಿಷೇಧಿಸುತ್ತದೆ.

ಇವೆಲ್ಲ ಸಣ್ಣ ಮಾತುಗಳೆಂದು, ಕಾಯಿದೆಯ ಪುಸ್ತಕದಲ್ಲಿ ಬಾಚಣಿಗೆಗೂ ಧೋತರಕ್ಕೂ ಸ್ಥಳವೇಕೆಂದು ಯಾರಾದರೂ ಕೇಳಬಹುದು. ಸಣ್ಣ ಮಾತುಗಳಲ್ಲವೆಂದೇ ನಮ್ಮ ವಾದವು. ದೀರ್ಘಕಾಲದ ಮನೋರೋಗವು ಮನುಷ್ಯನ ಇಚ್ಛಾಶಕ್ತಿಯನ್ನು ಸೆಳೆದುಕೊಳ್ಳುತ್ತದೆ. ಅಂಥವನಿಗೆ ಎಲ್ಲರಂಥದೇ ಅಂಗಿಯನ್ನು ತೊಡಿಸಿ, ಎಲ್ಲರೊಡನೆ ಸಾಲಿನಲ್ಲಿ ನಿಲ್ಲಿಸಿ, ಕೇಳದೆ ಉಣಿಸಿ, ಕೇಳದೆ ಮಲಗಿಸಿದರೆ ರೋಗವು ಆರಂಭಿಸಿದುದನ್ನು ಆಸ್ಪತ್ರೆಯೇ ಪೂರೈಸಿದಂತಾಗುವದು. ಇಂಗ್ಲಂಡದ ವಿಂಗ್ ಮತ್ತು ಬ್ರೌನ್ ಎಂಬ ವಿದ್ವಾಂಸರು ಅಲ್ಲಿಯ ಮೂರು ಮಾನಸಿಕ ಆಸ್ಪತ್ರೆಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿ 1970ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನೇ ತೋರಿಸಿತು: ಮಾಡಲು ಕೆಲಸವಿಲ್ಲದೆ, ತನ್ನದೆನ್ನುವ ವಸ್ತುವಿಲ್ಲದೆ, ಹೊರಗಿನವರ ಸಂಪರ್ಕವಿಲ್ಲದೆ ರೋಗಿಯು ಕುಳಿತಲ್ಲಿ ಕುಳಿತಿರುವಷ್ಟೂ ಅವನ ಮೌನವೂ ಜಡತೆಯೂ ಹೆಚ್ಚು. ಹೀಗಿರಲು ದಿನಚರಿಯು ಚಿಕಿತ್ಸೆಯ ಹೊರಗಿನ ಸೌಕರ್ಯವಲ್ಲ; ಅದು ಚಿಕಿತ್ಸೆಯ ಅರ್ಧಭಾಗವು.

ಹಣವೆಲ್ಲಿ, ಜನರೆಲ್ಲಿ ಎಂಬ ಅಧಿಕಾರಿವರ್ಗದ ಆಕ್ಷೇಪವನ್ನು ನಾವು ಬಲ್ಲೆವು. ಮನೋವೈದ್ಯರು ಕಡಿಮೆ, ದಾದಿಯರು ಕಡಿಮೆ ಎಂಬುದು ನಿಜವು. ಹಗಲಿರುಳು ರೋಗಿಗಳ ನಡುವೆ ಇರುವ ಪರಿಚಾರಕನಿಗೆ ಶಿಕ್ಷಣವನ್ನೂ ತಕ್ಕ ವೇತನವನ್ನೂ ಕೊಡದೆ ಅವನಿಂದ ಸಹನೆಯನ್ನು ಮಾತ್ರ ಅಪೇಕ್ಷಿಸುವದು ಅನ್ಯಾಯವು. ಇದಕ್ಕಾಗಿ ಸರಕಾರವು ಹಣವನ್ನು ತೆಗೆದಿಡಲೇಬೇಕು. ಆದರೆ ಎಲ್ಲವೂ ಹಣದ ಮಾತಲ್ಲ. ರಾತ್ರಿಯ ಊಟವನ್ನು ಕೆಲಸಗಾರರ ಪಾಳಿಯ ಅನುಕೂಲಕ್ಕಾಗಿ ಹೊತ್ತು ಮುಳುಗುವ ಮುನ್ನವೇ ಮುಗಿಸದೆ ಊಟದ ಹೊತ್ತಿಗೆ ಕೊಡಲು ಎಷ್ಟು ಹಣ ಬೇಕು? ಗೋಡೆಗೊಂದು ಗಡಿಯಾರ, ಒಂದು ಪಂಚಾಂಗ, ಒಂದು ಕನ್ನಡಿ, ದಿನವೂ ಒಂದು ಕನ್ನಡ ಪತ್ರಿಕೆ, ಪ್ರತಿಯೊಬ್ಬನಿಗೆ ಬೀಗವಿರುವ ಒಂದು ಚಿಕ್ಕ ಪೆಟ್ಟಿಗೆ, ಇವುಗಳಿಗೆ ಎಷ್ಟು ಬೇಕು? ಹುಟ್ಟಿದಂದಿನಿಂದ ಜೋಳದ ರೊಟ್ಟಿಯನ್ನೂ ಪುಂಡಿಪಲ್ಲೆಯನ್ನೂ ಉಂಡು ಬೆಳೆದ ನಮ್ಮ ಸೀಮೆಯ ಒಕ್ಕಲಿಗನಿಗೆ ವಾರದಲ್ಲಿ ಕೆಲವು ದಿನವಾದರೂ ಬಿಸಿ ರೊಟ್ಟಿಯು ದೊರೆತರೆ, ಯಾರೋ ತನ್ನನ್ನು ಗುರುತಿಸಿದರೆಂದು ಅವನು ತಿಳಿಯುವನು. ಅವನನ್ನು ಹಾಸಿಗೆಯ ನಂಬರಿನಿಂದ ಕರೆಯದೆ “ಯಪ್ಪಾ”, “ಅಣ್ಣಾ” ಎಂದು ಕರೆಯುವದಕ್ಕಂತೂ ಯಾವ ಖಜಾನೆಯ ಮಂಜೂರಾತಿಯೂ ಬೇಕಾಗಿಲ್ಲ.

ಕೆಲಸದ ವಿಷಯವಾಗಿ ಒಂದು ಮಾತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಬೇಕರಿ, ಮುದ್ರಣ, ಹೊಲಿಗೆ, ತೋಟಗಾರಿಕೆ ಮೊದಲಾದ ಕೆಲಸಗಳನ್ನು ರೋಗಿಗಳಿಗೆ ಕಲಿಸುವ ಪದ್ಧತಿಯಿರುವದು. ಇದು ಅನುಕರಣೀಯವು. ಆದರೆ ಕಲಿಸುವ ಕೆಲಸವು ರೋಗಿಯ ಊರಿಗೆ ಹೊಂದುವಂಥದಾಗಿರಬೇಕು. ಇಳಕಲ್ಲಿನ ನೇಕಾರನಿಗೆ ಮೇಣಬತ್ತಿಯನ್ನು ಕಲಿಸುವದಕ್ಕಿಂತ ಮಗ್ಗದ ಮುಂದೆ ಕೂಡ್ರಿಸುವದು ಮೇಲು. ಅವನ ಬುದ್ಧಿಯು ಮರೆತಿದ್ದುದನ್ನು ಕೈಗಳು ಮರೆತಿರಲಾರವು. ಕುರಿ ಕಾಯ್ದವನಿಗೆ ನಾಲ್ಕು ಕುರಿಗಳು, ಹೊಲ ಮಾಡಿದವನಿಗೆ ಒಂದು ತುಂಡು ನೆಲ, ಅಡಿಗೆ ಬಲ್ಲವಳಿಗೆ ಒಂದು ಒಲೆ: ಧಾರವಾಡದಂಥ ವಿಸ್ತಾರವಾದ ಊರಲ್ಲಿ ಇದು ಅಸಾಧ್ಯವಲ್ಲ. ದುಡಿದುದರ ಹಣವು ಅವರ ಕೈಗೇ ಬರಬೇಕು. ತನ್ನ ಸಂಪಾದನೆಯಿಂದ ಒಂದು ಕಪ್ಪು ಚಹಾ ಕೊಂಡು ಕುಡಿದವನು ಆ ದಿನದ ಮಟ್ಟಿಗಾದರೂ ರೋಗಿಯಲ್ಲ.

ಇಷ್ಟು ಆಸ್ಪತ್ರೆಯ ಪಾಲು. ಇನ್ನು ನಮ್ಮ ಪಾಲಿನ ಮಾತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಆವಾರದಲ್ಲಿ ಡೇರೆಗಳನ್ನು ಹೊಡೆಸಿ ರೋಗಿಗಳ ಮನೆಯವರನ್ನೇ ಕರೆದು ಇರಿಸಿಕೊಂಡರು. ಮನೆಯವರು ಪಕ್ಕದಲ್ಲಿದ್ದುದರಿಂದ ರೋಗಿಯ ಭಯವೂ ಕಡಿಮೆಯಾಯಿತು, ರೋಗದ ಬಗೆಗೆ ಮನೆಯವರ ಭಯವೂ ಕಡಿಮೆಯಾಯಿತು. ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಈ ಪದ್ಧತಿಯು ಬೇರೂರಿತು. ಶ್ರೀಮಂತ ದೇಶಗಳು ಮನೆಯವರನ್ನು ಬಾಗಿಲಾಚೆಗೆ ನಿಲ್ಲಿಸುತ್ತಿದ್ದ ಕಾಲದಲ್ಲಿ ಬಡ ಹಿಂದುಸ್ಥಾನವು ಕಂಡುಕೊಂಡ ದಾರಿಯಿದು. ಇದರ ಬಗೆಗೆ ನಾವು ಅಭಿಮಾನಪಡಬಹುದು. ಆದರೆ ಮನೆಯವರೇ ತಪ್ಪು ವಿಳಾಸವನ್ನು ಬರೆಯಿಸಿ ಹೊರಟುಹೋದರೆ ಈ ಪದ್ಧತಿಯು ಯಾರ ಕೆಲಸಕ್ಕೆ ಬಂದೀತು? ಗುಣವಾದ ಮೇಲೆಯೂ ಕರೆದುಕೊಂಡು ಹೋಗುವವರಿಲ್ಲದೆ ದೇಶದ ಆಸ್ಪತ್ರೆಗಳಲ್ಲಿ ಕೊಳೆಯುವವರ ದುಃಸ್ಥಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಗೌರವಕುಮಾರ ಬನ್ಸಲರ ಅರ್ಜಿಯಲ್ಲಿ ವಿಚಾರಿಸಿ, ಅವರ ಪುನರ್ವಸತಿಗೆ ವ್ಯವಸ್ಥೆ ಮಾಡಬೇಕೆಂದು ಸರಕಾರಗಳಿಗೆ ಆಜ್ಞಾಪಿಸಬೇಕಾಯಿತು. ಕಾಯಿದೆಯ 19ನೆಯ ಕಲಮು ಸಹ ಮನೆಯವರು ಬಿಟ್ಟವನಿಗೆ ಸ್ವಂತ ಮನೆಯಲ್ಲಿ ಬಾಳುವ ಹಕ್ಕನ್ನು ಸಾಧಿಸಿಕೊಳ್ಳಲು ಸರಕಾರವು ನೆರವಾಗಬೇಕೆಂದು ಹೇಳುತ್ತದೆ. ಮನೆಯೊಳಗಿನ ಜಾಗಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಸ್ಥಿತಿಯು ಬರುವದು ನಮ್ಮ ಕುಟುಂಬ ಧರ್ಮಕ್ಕೆ ಭೂಷಣವಲ್ಲ.

ಬಿಟ್ಟುಹೋದವರನ್ನೆಲ್ಲ ಕ್ರೂರಿಗಳೆಂದು ನಾವು ಹೇಳುವದಿಲ್ಲ. ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿ, ತಿಂಗಳಿಗೊಮ್ಮೆ ಧಾರವಾಡಕ್ಕೆ ಅಲೆಯುವ ಶಕ್ತಿಯು ಎಷ್ಟೋ ಮನೆಗಳಿಗಿಲ್ಲ. ಆದುದರಿಂದಲೇ ಔಷಧವು ಊರ ಸಮೀಪಕ್ಕೆ ಬರಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿ ಜಿಲ್ಹೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಚಿಕಿತ್ಸೆಯು ಸಾಧ್ಯವೆಂದು ತೋರಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಹಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರದಿಂದ 14416 ಎಂಬ ನಂಬರಿಗೆ ಫೋನು ಮಾಡಿ ಖರ್ಚಿಲ್ಲದೆ ಸಲಹೆ ಪಡೆಯುವ ಏರ್ಪಾಡೂ ಆಗಿದೆ. ಆಸ್ಪತ್ರೆಯಿಂದ ಮರಳಿದವನಿಗೆ ಹುನಗುಂದ, ಬಾದಾಮಿಗಳಲ್ಲಿಯೇ ತಪ್ಪದೆ ಗುಳಿಗೆಯು ದೊರೆಯುವಂತೆ ನೋಡಿಕೊಳ್ಳುವದು ಜಿಲ್ಹಾ ಆರೋಗ್ಯಾಧಿಕಾರಿಗಳ ಕರ್ತವ್ಯವು. ಗುಳಿಗೆಯು ಒಂದು ತಿಂಗಳು ತಪ್ಪಿದರೆ ಅನೇಕರು ಮತ್ತೆ ಅದೇ ಬಸ್ಸನ್ನು ಹತ್ತಬೇಕಾಗುವದು.

ಮೇಲ್ವಿಚಾರಣೆಯ ಬಗೆಗೂ ಹೇಳಬೇಕು. 1912ರ ಕಾಯಿದೆಯು ಕೂಡ ಪ್ರತಿಯೊಂದು ಆಸ್ಪತ್ರೆಗೆ ಕನಿಷ್ಠ ಮೂವರು ಸಂದರ್ಶಕರನ್ನು ನೇಮಿಸಿತ್ತು. ಈಗಿನ ಕಾಯಿದೆಯು ಮೂರು ವರ್ಷಕ್ಕೊಮ್ಮೆ ಸಂಸ್ಥೆಗಳ ಪರಿಶೋಧನೆಯನ್ನು ವಿಧಿಸಿದೆ. ರೋಗಿಗಳ ದೂರನ್ನು ಕೇಳುವ ಪುನರ್ವಿಮರ್ಶಾ ಮಂಡಳಿಯಲ್ಲಿ ನ್ಯಾಯಾಧೀಶರೊಡನೆ, ರೋಗವನ್ನು ಅನುಭವಿಸಿದವರು, ಅವರ ಆರೈಕೆ ಮಾಡಿದವರು ಇಲ್ಲವೆ ಸೇವಾಸಂಸ್ಥೆಗಳ ಪ್ರತಿನಿಧಿಗಳು ಇಬ್ಬರು ಇರತಕ್ಕದ್ದೆಂದಿದೆ. ಈ ಎರಡು ಸ್ಥಾನಗಳನ್ನು ಶೋಭೆಗಾಗಿ ತುಂಬಕೂಡದು. ಗೋಡೆಯ ಒಳಗೆ ವರ್ಷಗಳನ್ನು ಕಳೆದವನಿಗೆ ಅಲ್ಲಿಯ ಅನ್ನದ ರುಚಿಯು ಗೊತ್ತಿರುವಷ್ಟು ಬೇರೆ ಯಾವ ಸದಸ್ಯನಿಗೂ ಗೊತ್ತಿರಲಾರದು. ಪರಿಶೋಧನೆಯ ವರದಿಗಳನ್ನು ಕಪಾಟಿನಲ್ಲಿಡದೆ ಕನ್ನಡದಲ್ಲಿ ಪ್ರಕಟಿಸಬೇಕೆಂದೂ, ಬಾಗಲಕೋಟೆ ಜಿಲ್ಹೆಯ ಶಾಸಕರು ವರ್ಷಕ್ಕೊಮ್ಮೆಯಾದರೂ ತಮ್ಮ ಕ್ಷೇತ್ರದ ಎಷ್ಟು ಜನರು ಅಲ್ಲಿರುವರೆಂದು ವಿಚಾರಿಸಬೇಕೆಂದೂ ನಾವು ಒತ್ತಿ ಹೇಳುತ್ತೇವೆ. ಹೆಸರುಗಳು ಬೇಡ, ಎಣಿಕೆ ಸಾಕು.

ಕೊನೆಗೆ ಅಮೀನಗಡದ ಮಹಾಜನರಿಗೆ ನಮ್ಮದೊಂದು ವಿನಂತಿ. ನಿಮ್ಮ ಊರ ಕರದಂಟು ನಾಡಿನಲ್ಲೆಲ್ಲ ಹೆಸರಾದುದು. ಬೀಗರ ಊರಿಗೆ ಹೋಗುವಾಗ ಅದನ್ನು ಒಯ್ಯದವರಿಲ್ಲ. ಕೆಲಸದ ಮೇಲೆ ಧಾರವಾಡಕ್ಕೆ ಹೋಗುವವರು ಒಂದು ಪೊಟ್ಟಣವನ್ನು ಹೆಚ್ಚಿಗೆ ಒಯ್ಯಿರಿ. ನಿಮ್ಮ ಓಣಿಯವರು ಅಲ್ಲಿದ್ದರೆ ಅಧಿಕಾರಿಗಳ ಅಪ್ಪಣೆ ಪಡೆದು ಅವರನ್ನು ಕಂಡು, ಮಳೆ-ಬೆಳೆ, ಸಂತೆಯ ಸುದ್ದಿ ಹೇಳಿ ಬನ್ನಿರಿ. ಅವರು ಮರಳಿ ಬಂದ ದಿನ ಕಟ್ಟೆಯ ಮೇಲೆ ತುಸು ಸರಿದು ಜಾಗ ಕೊಡಿರಿ, ಮುಂಚಿನ ಹೆಸರಿನಿಂದಲೇ ಕರೆಯಿರಿ, ಮುಂಚಿನ ಕೆಲಸಕ್ಕೆ ಕರೆದುಕೊಳ್ಳಿರಿ. ಕಾಯಿದೆಯು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲುದು. ಊರಿನ ಬಾಗಿಲನ್ನು ತೆರೆಯತಕ್ಕವರು ನಾವೇ.