ನಾಣ್ಯ ಹುಡುಕಿ, ದುಡ್ಡು ಕಟ್ಟಬೇಡಿ

ಬ್ಯಾಂಕಿನಿಂದ ಚಿಲ್ಲರೆ ಚೀಲ ತಂದು ಅಪರೂಪದ ನಾಣ್ಯ ಹುಡುಕುವ ಹವ್ಯಾಸಕ್ಕೆ ನಮ್ಮ ತಕರಾರಿಲ್ಲ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. ಮಕ್ಕಳಿಗೂ ತೋರಿಸಿ.

ನಮ್ಮ ಸಿಟ್ಟು ‘ವೈಷ್ಣೋದೇವಿ ನಾಣ್ಯಕ್ಕೆ 10 ಲಕ್ಷ’ ಎನ್ನುವ ವಿಡಿಯೊಗಳ ಮೇಲೆ. ಚಲಾವಣೆಗೆಂದೇ ಟಂಕಿಸಿದ ನಾಣ್ಯಕ್ಕೆ ಲಕ್ಷಗಟ್ಟಲೆ ಯಾರು ಕೊಡುತ್ತಾರೆ? ಮೇಲಾಗಿ ನೋಂದಣಿ, ಟ್ಯಾಕ್ಸ್ ಅಂತ ಮೊದಲು ನಿಮ್ಮಿಂದಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಮಾರುವವನ ಹತ್ತಿರ ಮುಂಗಡ ಕೇಳುತ್ತಾನಾ?

ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕ, ಕಮಿಷನ್ ಕೇಳುವುದಿಲ್ಲ, ತನ್ನ ಹೆಸರಲ್ಲಿ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ.

ದುಡ್ಡು ಹೋಗಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಚಬೇಕಾದವರು ಅವರು.